ಜೀಪಿಗೆ ಹೊದಿಸಿದ ಕಂಬಳಿ

ಮೊನ್ನೆ ಭಾನುವಾರ ಬಾಗಳಿಯ ಗುಡಿ ನೋಡಿಕೊಂಡು ಹರಪನಹಳ್ಳಿ ಕಡೆ ಬರುತ್ತಿದ್ದೆವು. ನಮ್ಮ ಕಾರಿಗೆ ಈಗ ಹದಿಮೂರು ವರ್ಷ. ನಮ್ಮ ಕೈಗೆ ಬರುವಾಗಲೇ ಅದಕ್ಕೆ ಎಂಟು ತುಂಬಿತ್ತು, ಹಾಗಾಗಿ ಅದು ಬಾಲ್ಯದಲ್ಲಿ ಕಲಿತ ಚಾಳಿಗಳಿಗೆ ನಾವು ಹೊಣೆಯಲ್ಲ. ಊರು ಇನ್ನೂ ದೂರವಿರುವಾಗ ಸ್ಟೇರಿಂಗಿನ ಹಿಂದೆ ಒಂದು ಕೆಂಪು ದೀಪ ಹತ್ತಿತು. ನಮ್ಮ ಮನೆಯವರು ಅದನ್ನು ಬೆರಳಿನಿಂದ ಎರಡು ಸಲ ಕುಟ್ಟಿ ನೋಡಿದರು. ಗೋಡೆ ಗಡಿಯಾರವನ್ನೂ ಅವರು ಹಾಗೆಯೇ ರಿಪೇರಿ ಮಾಡುವುದು. ದೀಪ ಆರಲಿಲ್ಲ. ಗಾಡಿ ನಿಲ್ಲಿಸಿ ಬಾನೆಟ್ ಎತ್ತಿದಾಗ ಕಾದ ಕೂಲಂಟಿನ, ಅಂದರೆ ಇಂಜಿನ್ ತಣಿಸುವ ದ್ರವದ, ಸಿಹಿ ವಾಸನೆ ಮುಖಕ್ಕೆ ಬಡಿಯಿತು. ಆ ವಾಸನೆ ಗೊತ್ತಿಲ್ಲದವರಿಗೆ ಹೇಳುವುದಾದರೆ, ಬೆಲ್ಲದ ಪಾಕ ತಳ ಹಿಡಿಯುವಾಗ ಬರುತ್ತದಲ್ಲ, ಅದರ ದೂರದ ನೆಂಟ.

ಒಂದು ರಬ್ಬರ್ ಪೈಪು ಸೀಳಿ ಕೂಲಂಟೆಲ್ಲ ರಸ್ತೆಗೆ ಹೋಗಿತ್ತು. ನಮ್ಮ ಮನೆಯವರು ಯಾರದೋ ಬೈಕಿನ ಹಿಂದೆ ಕೂತು ಮೆಕ್ಯಾನಿಕ್ಕನ್ನು ಕರೆತರಲು ಹೋದರು. ಹಿಂದಿನ ಸೀಟಿನಲ್ಲಿ ನನ್ನ ಅಜ್ಜಿ, ಅಂದರೆ ಅಪ್ಪನ ತಾಯಿ, ಕಾಲು ಮಡಿಸಿ ಕೂತಿದ್ದಳು. ವಯಸ್ಸು ಕೇಳಿದರೆ ಅವಳು ಎಂಬತ್ತಕ್ಕೆ ಬಂದು ನಿಲ್ಲಿಸುತ್ತಾಳೆ, ಮುಂದಕ್ಕೆ ಎಣಿಸುವುದಿಲ್ಲ.

"ಕುದ್ಯಾಕತ್ತೈತೇನು?" ಎಂದಳು.

"ಹೂಂ ಅಜ್ಜಿ."

"ಆರ್ಲಿ ಬಿಡು," ಎಂದು ಎಲೆ ಅಡಿಕೆಯ ಚೀಲ ಬಿಚ್ಚಿದಳು. ನಾನು ಮುಂದಿನ ಸೀಟಿನಲ್ಲಿ ಬಾಗಿಲು ತೆರೆದಿಟ್ಟು ಕೂತೆ. ಕುದಿಯುವ ಗಾಡಿ, ಅಜ್ಜಿ, ನಾನು. ನಾವು ಮೂವರೂ ಹೀಗೆ ರಸ್ತೆ ಬದಿಗೆ ಕೂತದ್ದು ಇದೇ ಮೊದಲಲ್ಲ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ನಮ್ಮ ಸ್ಟಾಫ್ ರೂಮಿನಲ್ಲಿ ನನ್ನ ಹೆಸರಿಗೆ ಒಂದು ಕಥೆ ಇದೆ. ಹೊಸ ಟೀಚರ್ ಯಾರೇ ಬರಲಿ, ಮೊದಲ ವಾರದಲ್ಲಿ ಚಹಾದ ಹೊತ್ತಿಗೆ ಯಾರಾದರೊಬ್ಬರು, "ಮೇಡಂ, ಆ ಕಂಬಳಿ ಕಥಿ ಹೇಳ್ರಿ" ಅನ್ನುತ್ತಾರೆ. ನಾನು ಸ್ವಲ್ಪ ನಾಚಿಕೆ ನಟಿಸಿ ಶುರು ಮಾಡುತ್ತೇನೆ. ಮನೆಗೆ ನೆಂಟರು ಬಂದಾಗಲೂ ಹೇಳುತ್ತೇನೆ, ನಾನು ಮರೆತರೆ ನಮ್ಮ ಮನೆಯವರು ಹೇಳುತ್ತಾರೆ. ಆಗ ಎಲ್ಲರೂ ಹೊಟ್ಟೆ ಹಿಡಿದು ನಗುವ ಜಾಗದಲ್ಲಿ ಅಜ್ಜಿ ಮಾತ್ರ ತಲೆ ಬಗ್ಗಿಸಿ ಚೀಲದಲ್ಲಿ ಸುಣ್ಣದ ಡಬ್ಬಿ ಹುಡುಕುತ್ತಿರುತ್ತಾಳೆ. ಆ ಕಥೆಯನ್ನು ನಿಮಗೂ ಹೇಳುತ್ತೇನೆ. ಆದರೆ ಸ್ಟಾಫ್ ರೂಮಿನಲ್ಲಿ ಹೇಳುವ ಹಾಗಲ್ಲ, ನಡೆದ ಹಾಗೆ.

ಹದಿನೈದು ವರ್ಷದ ಹಿಂದಿನ ಮಾತು. ಆಗ ನಾವು ಕೂಡ್ಲಿಗಿ ಕಡೆಯ ನಮ್ಮ ಹಳ್ಳಿಯಲ್ಲಿದ್ದೆವು. ನನಗೆ ಸರ್ಕಾರಿ ಶಾಲೆಯ ಟೀಚರ್ ಕೆಲಸದ ಆದೇಶ ಬಂತು. ಹದಿನೈದು ದಿನದೊಳಗೆ ಹಡಗಲಿಯ ಆಫೀಸಿಗೆ ಹೋಗಿ ಸಹಿ ಮಾಡಿ ಹಾಜರಾಗಬೇಕು, ಇಲ್ಲದಿದ್ದರೆ ಪಟ್ಟಿಯಲ್ಲಿ ನನ್ನ ಕೆಳಗಿದ್ದವರಿಗೆ ಕೆಲಸ ಹೋಗುತ್ತದೆ. ಅದಕ್ಕೆ ಮೊದಲು ಎರಡು ಪಟ್ಟಿಗಳಲ್ಲಿ ನನ್ನ ಹೆಸರು ಕೂದಲೆಳೆಯಲ್ಲಿ ತಪ್ಪಿತ್ತು. ಮುಂದಿನ ಪಟ್ಟಿ ಬರುವಷ್ಟರಲ್ಲಿ ನನ್ನ ವಯಸ್ಸು ಮೀರುತ್ತಿತ್ತು. ಕುರಿ ಕಾಯ್ದುಕೊಂಡು ಬಂದ ಮನೆಯಲ್ಲಿ ತಿಂಗಳಿಗೊಮ್ಮೆ ಸಂಬಳ ಎಣಿಸುವವರು ಅದುವರೆಗೆ ಯಾರೂ ಇರಲಿಲ್ಲ. ಆ ಕಾಗದವನ್ನು ನಾನು ದಿಂಬಿನ ಕೆಳಗಿಟ್ಟುಕೊಂಡು ಮಲಗುತ್ತಿದ್ದೆ.

ಮರುದಿನವೇ ಹೊರಡಬಹುದಿತ್ತು. ಆದರೆ ಒಳ್ಳೆಯ ದಿನ ನೋಡುವ ಹೊಣೆಯನ್ನು ಅಜ್ಜಿ ಹೊತ್ತುಕೊಂಡಳು. ಮಂಗಳವಾರ, ಶುಕ್ರವಾರ ಮನೆಯ ಹೆಣ್ಣುಮಗಳನ್ನು ಹೊರಗೆ ಕಳಿಸುವ ಹಾಗಿಲ್ಲ. ಶನಿವಾರದ ಮಾತೇ ಬೇಡ. ನಡುವೆ ಅಮಾವಾಸ್ಯೆ ಬಂತು, ಅಮಾವಾಸ್ಯೆಯ ಹಿಂದಿನ ದಿನ ಬಂತು, ಮುಂದಿನ ದಿನವೂ ಬಂತು. ಒಂದು ಬುಧವಾರ ಕುರಿಯೊಂದು ಈಯಲು ಕೂತಿತ್ತು, ಅದನ್ನು ಬಿಟ್ಟು ಹೇಗೆ ಹೋಗುವುದು. ಒಂದು ಗುರುವಾರ ಎಲ್ಲ ಸರಿಯಿತ್ತು, ಅವತ್ತು ಅಜ್ಜಿಗೆ ಮರೆತುಹೋಗಿತ್ತು. ಹೀಗೆ ಸೋಸಿ ಸೋಸಿ ಉಳಿದದ್ದು ಒಂದು ಸೋಮವಾರ. ಅದೇ ಗಡುವಿನ ಕೊನೆಯ ದಿನ. ಸಂಜೆ ಐದರೊಳಗೆ ಸಹಿ ಬೀಳಬೇಕು.

"ಬಸ್ಸಿಗೆ ಹೋಗ್ತೀನಿ," ಎಂದೆ. ದೊಡ್ಡಪ್ಪನ ಮುಖ ಸಣ್ಣದಾಯಿತು.

"ಮನಿ ಮುಂದ ಜೀಪು ನಿಂತೈತಿ. ಬಸ್ಸಿಗೆ ಹೋದ್ರ ಮಂದಿ ನನ್ನ ಮಾರಿಗೆ ಏನಂದಾರು?"

ದೊಡ್ಡಪ್ಪನ ಬಗ್ಗೆ ಒಂದು ಮಾತು ಹೇಳಬೇಕು. ನಲವತ್ತು ವರ್ಷ ಕುರಿ ಕಾಯ್ದು, ಅರ್ಧ ಹಿಂಡು ಮಾರಿ ಒಂದು ಹಳೆಯ ಜೀಪು ಕೊಂಡಿದ್ದ. ಕುರಿ ಕೊಳ್ಳುವಾಗ ಬಾಯಿ ಬಿಡಿಸಿ ಹಲ್ಲು ನೋಡಿ ವಯಸ್ಸು ಹೇಳುವ ಮನುಷ್ಯ ಅವನು. ಜೀಪು ಕೊಳ್ಳುವಾಗ ಹಲ್ಲು ನೋಡಲಾಗಲಿಲ್ಲ ಎಂಬ ಕೊರಗು ಅವನಿಗೆ ಈಗಲೂ ಇದೆ. ಜೀಪು ಮಳೆಯಲ್ಲಿ ನೆಂದರೆ ಒರೆಸುತ್ತಿದ್ದ. ಹೊಗೆ ಕಪ್ಪಗೆ ಬಂದರೆ, "ಅಜೀರ್ಣ ಆಗೈತಿ" ಎನ್ನುತ್ತಿದ್ದ. ಊರಿನ ಮೆಕ್ಯಾನಿಕ್ಕುಗಳಿಗಿಂತ ಅವನ ಮಾತೇ ಹೆಚ್ಚು ಸಲ ನಿಜವಾಗುತ್ತಿತ್ತು ಎಂಬುದನ್ನು ನಾನು ಒಪ್ಪಿಕೊಳ್ಳಲು ಬಹಳ ವರ್ಷ ಬೇಕಾಯಿತು.

ಸೋಮವಾರ ಬೆಳಿಗ್ಗೆ ಪೂಜೆಯಾಯಿತು. ಅಜ್ಜಿ ದೇವರ ಕೋಣೆಯಿಂದ ಕರಿ ಕಂಬಳಿ ತಂದಳು. ಮನೆದೇವರು ಬೀರಪ್ಪನ ಗದ್ದುಗೆಗೆ ಹಾಸುವ ಕಂಬಳಿ ಅದು. ನಮ್ಮಲ್ಲಿ ಕಂಬಳಿ ಹಾಸದೆ ಯಾವ ಒಳ್ಳೆಯ ಕೆಲಸವೂ ಶುರುವಾಗುವುದಿಲ್ಲ. ಮದುವೆಯ ಮಾತುಕತೆಗೂ ಅದೇ, ಜಗಳದ ಪಂಚಾಯ್ತಿಗೂ ಅದೇ. ಅಜ್ಜಿ ಅದನ್ನು ಎರಡು ಮಡಿಕೆ ಮಾಡಿ ಜೀಪಿನ ಮುಂದಿನ ಜಾಲರಿಯ ಮೇಲೆ, ಎರಡು ದೀಪಗಳ ನಡುವೆ ಹೊದಿಸಿ, ನಾಲ್ಕು ಮೂಲೆಗೆ ಹುರಿ ಕಟ್ಟಿದಳು.

"ದೇವರು ಮುಂದ ಇರ್ಲಿ. ನಾವು ಹಿಂದ ಹೋಗಾಣ."

"ಚಲೋ ಆತು. ಥಂಡಿಗಾಳಿ ಎದಿಗೆ ಬಡಿಯಾದೂ ತಪ್ಪತೈತಿ," ಎಂದ ದೊಡ್ಡಪ್ಪ. ಎದೆ ಅಂದರೆ ಜೀಪಿನದು.

ನಿಮಗೆ ಈಗಾಗಲೇ ವಿಷಯ ಹೊಳೆದಿರುತ್ತದೆ. ಹೊಳೆಯದಿದ್ದರೆ ನೀವೂ ನನ್ನ ಹಾಗೆ ಬಿ.ಎಸ್ಸಿ. ಓದಿರಬೇಕು. ಆ ಜಾಲರಿಯ ಹಿಂದೆಯೇ ರೇಡಿಯೇಟರ್ ಇರುತ್ತದೆ. ಇಂಜಿನ್ನಿನಲ್ಲಿ ಕಾದ ನೀರು ಅಲ್ಲಿಗೆ ಬಂದು, ಮುಂದಿನಿಂದ ನುಗ್ಗುವ ಗಾಳಿಗೆ ಆರಿ, ಮತ್ತೆ ಒಳಗೆ ಹೋಗಬೇಕು. ಗಾಳಿ ಬರುವ ಆ ಒಂದೇ ಬಾಗಿಲಿಗೆ ನಾವು ಎರಡು ಮಡಿಕೆಯ ಉಣ್ಣೆಯ ಕಂಬಳಿ ಹೊದಿಸಿ, ಎಲ್ಲರೂ ಕೈಮುಗಿದು ಹೊರಟೆವು.

ಕೊಟ್ಟೂರು ಇನ್ನೂ ಅರ್ಧ ದಾರಿಯಿರುವಾಗಲೇ ಬಾನೆಟ್ಟಿನ ಸಂದಿನಿಂದ ಹಬೆ ಎದ್ದಿತು. ದೊಡ್ಡಪ್ಪ ಇಳಿದು ರೋಗಿಯನ್ನು ಪರೀಕ್ಷಿಸಿದ. ಕೆಳಗೆ ಮಲಗಿ ನೆಲ ಮುಟ್ಟಿ ನೋಡಿದ. ಪೈಪುಗಳನ್ನು ಪಂಜೆಯ ತುದಿಯಿಂದ ಹಿಡಿದು ಅಮುಕಿದ.

"ಮ್ಯಾಲಿನ ಪೈಪೂ ಸುಡ್ತೈತಿ, ಕೆಳಗಿಂದೂ ಸುಡ್ತೈತಿ. ಅಂದ್ರ ನೀರು ಒಳಗ ತಿರಗ್ಯಾಡಾಕತ್ತೈತಿ. ಫ್ಯಾನಿನ ಬೆಲ್ಟೂ ಗಟ್ಟಿ ಐತಿ. ಕೆಳಗ ಒಂದು ಹನಿ ಬಿದ್ದಿಲ್ಲ. ಹಂಗಾದ್ರ ಕುಡಿದ ನೀರು ಎಲ್ಲಿ ಹೋತು?"

"ಎಲ್ಲೋ ಸೋರತೈತಿ ದೊಡ್ಡಪ್ಪ."

"ಸೋರಿದ್ರ ನೆಲ ಹಸಿ ಆಗ್ತಿತ್ತು. ಇದು ಉಸಿರಿನಾಗ ಹೋಗೈತಿ. ಸೆಕಿ ತಡಿಲಾರದ ತೇಗಾಕತ್ತೈತಿ."

"ಅದು ಕುರಿ ಅಲ್ಲ ದೊಡ್ಡಪ್ಪ."

"ಕುರಿ ಅಲ್ಲಂತ ನನಗೂ ಗೊತ್ತೈತಿ. ಕುರಿ ಆಗಿದ್ರ ಇಷ್ಟೊತ್ತಿಗೆ ಕೊಟ್ಟೂರು ಮುಟ್ಟತಿತ್ತು."

ಈಗ ಯೋಚಿಸಿದರೆ ಅವನ ಪರೀಕ್ಷೆ ಅಕ್ಷರಶಃ ಸರಿ. ನೀರು ತಿರುಗುತ್ತಿದೆ, ಸೋರುತ್ತಿಲ್ಲ, ಸೆಕೆ ತಡೆಯಲಾರದೆ ಕುದಿದು ಹಬೆಯಾಗಿ ಹೋಗುತ್ತಿದೆ. ಇನ್ನೊಂದೇ ಹೆಜ್ಜೆ ಇಟ್ಟು, ಸೆಕೆ ಯಾಕೆ ಎಂದು ಕೇಳಿದ್ದರೆ ಮುಗಿದಿತ್ತು. ಆದರೆ ಅಷ್ಟರಲ್ಲಿ ನಾನು ಬಾಯಿ ಹಾಕಿದೆ. ನೀರಿನ ಕುದಿಬಿಂದು, ಒತ್ತಡ ಹೆಚ್ಚಿದರೆ ಅದು ಮೇಲೇರುವ ಬಗೆ, ಮುಚ್ಚಳದ ಮಹತ್ವ ಎಲ್ಲವನ್ನೂ ರಸ್ತೆ ಬದಿಯಲ್ಲಿ ನಿಂತು ವಿವರಿಸಿದೆ. ದೊಡ್ಡಪ್ಪ ಭಕ್ತಿಯಿಂದ ಕೇಳಿದ. ಕೇಳಿ, "ಹಂಗಾದ್ರ ಈಗ ಏನು ಮಾಡಾಣ ತಾಯಿ?" ಎಂದ. ಅದು ಪಠ್ಯದಲ್ಲಿರಲಿಲ್ಲ. ಕೊನೆಗೆ ದಣಿದ ಕುರಿಗೆ ಒಮ್ಮೆಗೇ ತಣ್ಣೀರು ಕುಡಿಸಬಾರದು ಎಂಬ ಅವನ ನಿಯಮದಂತೆ ಒಂದು ತಾಸು ಕಾದು, ನಿಧಾನ ನೀರು ತುಂಬಿ ಹೊರಟೆವು.

ಕೊಟ್ಟೂರಿನ ಹತ್ತಿರ ಮತ್ತೆ ಕುದಿಯಿತು. ಈ ಸಲ ಜನ ಸೇರಿದರು. ನಮ್ಮ ಕಡೆ ಗಾಡಿ ಕೆಟ್ಟು ನಿಂತರೆ ಬಿಟ್ಟಿ ವೈದ್ಯರಿಗೇನೂ ಬರವಿಲ್ಲ. ಒಬ್ಬರು ಪಂಪ್ ಹೋಗಿದೆ ಎಂದರು. ಇನ್ನೊಬ್ಬರು ನಮ್ಮೂರಿನ ನೀರು ಉಪ್ಪು, ಜೀಪಿಗೆ ಒಗ್ಗಿಲ್ಲ ಎಂದರು. ಲಾರಿ ನಿಲ್ಲಿಸಿ ಇಳಿದ ಡ್ರೈವರೊಬ್ಬ ಮಾತ್ರ ಅನುಭವಸ್ಥನಂತೆ, "ಅರಿಶಿಣ ಹಾಕ್ರಿ. ಸಣ್ಣ ತೂತು ಇದ್ರ ಮುಚ್ಕಂತೈತಿ," ಎಂದ. ಅಜ್ಜಿಯ ಕಣ್ಣು ಅರಳಿತು. ಅವಳ ಸೊಂಟದ ಚೀಲದಲ್ಲಿ ಬೀರಪ್ಪನ ಭಂಡಾರವಿತ್ತು, ಭಂಡಾರವೆಂದರೆ ಅರಿಶಿನದ ಪುಡಿಯೇ. ಎರಡು ಹಿಡಿ ರೇಡಿಯೇಟರಿಗೆ ಬಿತ್ತು, ಒಂದು ಚಿಟಿಕೆ ನನ್ನ ಹಣೆಗೆ, ಇನ್ನೊಂದು ಡ್ರೈವರನ ಹಣೆಗೆ.

ಗಾಡಿ ಆರುವ ತನಕ ಅಜ್ಜಿ ಕೂರಬೇಕಲ್ಲ, ನೆಲದ ತುಂಬ ಜಾಲಿ ಮುಳ್ಳು. ಜೀಪಿನ ಮುಂದಿನ ಕಂಬಳಿ ಬಿಚ್ಚಿ, ಬೇವಿನ ಮರದ ಕೆಳಗೆ ಹಾಸಿಕೊಂಡು ಕೂತಳು. ಹೊರಡುವಾಗ ಅವಸರದಲ್ಲಿ ಅದನ್ನು ಹೊದ್ದುಕೊಂಡೇ ಹತ್ತಿದಳು.

ಆಮೇಲೆ ಜೀಪು ಓಡಿದ ಓಟವನ್ನು ನೀವು ನೋಡಬೇಕಿತ್ತು. ಬಿಸಿ ತೋರಿಸುವ ಮೀಟರಿನ ಮುಳ್ಳು ಮೇಲೇರಲೇ ಇಲ್ಲ. ದೊಡ್ಡಪ್ಪ ಡೊಳ್ಳಿನ ಹಾಡು ಶುರು ಮಾಡಿದ. ಭಂಡಾರದ ಮಹಿಮೆ ಎಂದು ಅಜ್ಜಿ, ತೂತು ಮುಚ್ಚಿತೆಂದು ನಾನು. ಕಂಬಳಿ ಅವಳ ಮೈಮೇಲಿತ್ತು.

ನಡುದಾರಿಯಲ್ಲಿ ದೊಡ್ಡಪ್ಪ ಚಹಾಕ್ಕೆ ನಿಲ್ಲಿಸಿದ. ಇಲ್ಲಿಂದ ಮುಂದಿನ ಭಾಗವನ್ನು ನಾನು ಸ್ಟಾಫ್ ರೂಮಿನಲ್ಲಿ ಹೇಳುವುದಿಲ್ಲ. ನಮ್ಮ ಮನೆಯವರಿಗೂ ಹೇಳಿರಲಿಲ್ಲ.

ಗಡಿಯಾರ ನೋಡಿದೆ, ಒಂದೂ ಮುಕ್ಕಾಲು. ಇಷ್ಟು ಹತ್ತಿರ ಬಂದು ತಪ್ಪಿಹೋದರೆ? ಎರಡು ಸಲ ತಪ್ಪಿದ್ದು ಕಣ್ಣ ಮುಂದೆ ಬಂತು. ಆಗ ನನ್ನ ಕಣ್ಣು ಅಜ್ಜಿಯ ಹೆಗಲ ಮೇಲಿನ ಕಂಬಳಿಗೆ ಬಿತ್ತು. ದೇವರು ಮುಂದೆ ಇಲ್ಲ. ಮುಂದೆ ಇರಬೇಕಾದ ದೇವರನ್ನು ಹಿಂದೆ ಕೂರಿಸಿಕೊಂಡು ಹೋಗುತ್ತಿದ್ದೇವೆ.

"ಅಜ್ಜಿ, ಕಂಬಳಿ ಕೊಡು, ಕಟ್ತೀನಿ."

"ಇರ್ಲಿ ಬಿಡು ಮಗಳ. ನನಗ ಗಾಳಿ ಬಡೀತೈತಿ, ಹೊದ್ಕಂಡಿರ್ತೀನಿ."

"ಬ್ಯಾಡ, ದೇವರು ಮುಂದ ಇರ್ಲಿ."

ವಿಜ್ಞಾನ ಓದಿದ ಈ ಕೈಗಳಿಂದಲೇ ಕಂಬಳಿಯನ್ನು ಜಾಲರಿಯ ಮೇಲೆ ಹೊದಿಸಿದೆ. ಅಜ್ಜಿ ಕಟ್ಟಿದ್ದು ಎರಡು ಮಡಿಕೆ. ನಾನು ನಾಲ್ಕು ಮಡಿಕೆ ಮಾಡಿ ಕಟ್ಟಿದೆ.

ಕಾಲು ಗಂಟೆಯೂ ಆಗಲಿಲ್ಲ, ಜೀಪು ಸೀಟಿ ಹೊಡೆಯಿತು. ಈಗ ನನ್ನ ಬುದ್ಧಿ ಪೂರ್ತಿ ಚುರುಕಾಯಿತು. ಅರಿಶಿನ ಹಾಕಿದಾಗ ಸರಿಹೋಯಿತು, ಈಗ ಮತ್ತೆ ಕೆಟ್ಟಿತು. ಅಂದರೆ ತೂತು ದೊಡ್ಡದು, ಅರಿಶಿನಕ್ಕೆ ಅಂಟು ಸಾಲದು. ಬಿಸಿನೀರಿನಲ್ಲಿ ಉಬ್ಬಿ ಅಂಟಾಗುವ ವಸ್ತು ಯಾವುದು? ಪಿಷ್ಟ. ಪಿಷ್ಟ ಎಲ್ಲಿದೆ? ನನ್ನ ಹೊಸ ಬಾಡಿಗೆ ಕೋಣೆಗೆಂದು ಅಜ್ಜಿ ಕಟ್ಟಿ ತಂದಿದ್ದ ಜೋಳದ ಹಿಟ್ಟಿನ ಗಂಟಿನಲ್ಲಿ.

"ಎಷ್ಟು ಹಾಕ್ಲಿ?" ಎಂದ ದೊಡ್ಡಪ್ಪ.

"ಎರಡು ಬೊಗಸಿ."

"ಹಂಗಽ ಸುರಿಬ್ಯಾಡ್ರಿ, ಗಂಟಾಕ್ಕೈತಿ. ಮೊದ್ಲು ತಣ್ಣೀರಾಗ ಕಲಸ್ಕಳ್ರಿ," ಎಂದಳು ಅಜ್ಜಿ.

ಕಲಸಿ ಹಾಕಿದೆವು. ಹಗರಿಬೊಮ್ಮನಹಳ್ಳಿ ಮುಟ್ಟುವಷ್ಟರಲ್ಲಿ ಇನ್ನೆರಡು ಸಲ ನಿಂತೆವು. ಪ್ರತಿ ಸಲವೂ ಮುಚ್ಚಳದ ಸುತ್ತ ಹಳದಿ ಗುಳ್ಳೆಗಳು ಎದ್ದು ಪಚಪಚ ಎನ್ನುತ್ತಿದ್ದವು, ಅಡುಗೆಮನೆಯ ವಾಸನೆ ಬರುತ್ತಿತ್ತು. ಹಸಿವಿನಲ್ಲಿ ಆ ವಾಸನೆಗೆ ಬಾಯಲ್ಲಿ ನೀರೂರಿತೆಂದು ಹೇಳಲು ನಾಚಿಕೆಯಾಗುತ್ತದೆ.

ಊರ ಅಂಚಿನಲ್ಲಿ ಒಂದು ಗ್ಯಾರೇಜು. ಬಿಳಿ ಗಡ್ಡದ ಮೇಸ್ತ್ರಿಯೊಬ್ಬ ಚಿಂದಿ ಬಟ್ಟೆ ಹಿಡಿದು ಮುಚ್ಚಳ ತೆಗೆದ. ಒಳಗೆ ಇಣುಕಿದ. ಬೆರಳಿಗೆ ಹಚ್ಚಿಕೊಂಡು ಮೂಸಿದ. ಆಮೇಲೆ ದೊಡ್ಡಪ್ಪನನ್ನು ನೋಡಿ ಬಹಳ ಮರ್ಯಾದೆಯಿಂದ ಕೇಳಿದ.

"ಯಜಮಾನ್ರ, ಅಂಬಲಿಗೆ ಉಪ್ಪು ಹಾಕೀರೋ, ನಾನು ಹಾಕ್ಲೋ?"

ಅಂಬಲಿಯನ್ನೆಲ್ಲ ಕೆಳಗೆ ಬಸಿದ. ಮೂರು ಸಲ ನೀರು ಬಿಟ್ಟು ತೊಳೆದ. ಪೈಪು, ಪಂಪು, ಮುಚ್ಚಳದ ರಬ್ಬರು ಒಂದೊಂದನ್ನೂ ಮುಟ್ಟಿ ನೋಡಿದ. ನಾನು ಪಕ್ಕದಲ್ಲಿ ನಿಂತು ಐದಕ್ಕೆ ಸಹಿ, ಐದಕ್ಕೆ ಸಹಿ ಎಂದು ಜಪ ಮಾಡುತ್ತಿದ್ದೆ. ಮೇಸ್ತ್ರಿ ಕೊನೆಗೆ ಜೀಪಿನ ಮುಂದೆ ಬಂದು ನಿಂತ. ಕಂಬಳಿ ನೋಡಿದ, ಅದರ ಮೇಲಿನ ಭಂಡಾರ ನೋಡಿದ, ಅಜ್ಜಿಯ ಹಣೆ ನೋಡಿದ, ನನ್ನ ಹಣೆ ನೋಡಿದ. ಸ್ವಲ್ಪ ಹೊತ್ತು ಗಡ್ಡ ಕೆರೆದುಕೊಂಡ.

"ಅವ್ವಾರ, ಹಡಗಲಿ ತನಕ ಎದುರು ಬಿಸಿಲು ಐತ್ರಿ. ದೇವರಿಗೆ ಬಿಸಿಲು ಬಡಿಯೋದು ಬ್ಯಾಡ. ಒಳಗ ನಿಮ್ಮ ತೊಡಿ ಮ್ಯಾಲ ಕುಂದರ್ಸ್ಕಂಡು ಹೋಗ್ರಿ."

ಅಜ್ಜಿ ಅವನ ಮುಖವನ್ನೇ ನೋಡಿದಳು. "ಹೌದಪ್ಪ, ಬಿಸಿಲು ಭಾಳ ಐತಿ," ಎಂದಳು. ಮೇಸ್ತ್ರಿಯೇ ಕಂಬಳಿ ಬಿಚ್ಚಿ, ಎರಡೂ ಕೈಯಿಂದ ಎತ್ತಿ ಅವಳ ತೊಡೆಯ ಮೇಲಿಟ್ಟ.

ಹಡಗಲಿಯವರೆಗೆ ಜೀಪು ಒಮ್ಮೆಯೂ ತೇಗಲಿಲ್ಲ. ಅಂಬಲಿ ತೆಗೆದದ್ದಕ್ಕೇ ಸರಿಹೋಯಿತು ಎಂದು ನಾನು ನಿರ್ಣಯಿಸಿದೆ. ಪೇಟೆಯಲ್ಲಿ ಮಲ್ಲಿಗೆಯ ಬುಟ್ಟಿಗಳ ನಡುವೆ ಹಾರನ್ ಒತ್ತುತ್ತಾ ಆಫೀಸಿನ ಮುಂದೆ ನಿಂತಾಗ ಐದಕ್ಕೆ ಹದಿಮೂರು ನಿಮಿಷವಿತ್ತು. ಗುಮಾಸ್ತರು ಆಗಲೇ ಪೆನ್ನಿಗೆ ಟೋಪಿ ಹಾಕಿ ಜೇಬಿಗೆ ಸಿಕ್ಕಿಸಿದ್ದರು. ನನ್ನ ಹಳದಿ ಕೈ, ಹಳದಿ ಹಣೆ, ಸೀರೆಗೆ ಮೆತ್ತಿದ ಹಿಟ್ಟು ನೋಡಿ, "ಮದುವಿ ಮುಗಿಸ್ಕಂಡು ಬಂದ್ರೇನಮ್ಮ?" ಎಂದು ಪೆನ್ನು ಮತ್ತೆ ತೆಗೆದರು. ಸಹಿ ಮಾಡಿದೆ. ಹೊರಗೆ ಬಂದು ಜೀಪಿಗೆ ಒರಗಿ ಅತ್ತೆ. ದೊಡ್ಡಪ್ಪ ನನ್ನನ್ನು ಬಿಟ್ಟು ಜೀಪಿನ ಬೆನ್ನು ಸವರಿದ.

ಎರಡು ತಿಂಗಳಾದ ಮೇಲೆ ತರಗತಿಯಲ್ಲಿ ಶಾಖದ ಪಾಠ. "ಉಣ್ಣೆಯ ಮೂಲಕ ಶಾಖ ಸುಲಭವಾಗಿ ಹರಿಯುವುದಿಲ್ಲ" ಎಂದು ಬೋರ್ಡಿನ ಮೇಲೆ ಬರೆಯುತ್ತಿದ್ದವಳ ಕೈ ಅಲ್ಲಿಯೇ ನಿಂತಿತು. ಕಂಬಳಿ ಕಟ್ಟಿದಾಗ ಕುದಿಯಿತು, ಬಿಚ್ಚಿದಾಗ ಓಡಿತು, ಕಟ್ಟಿದಾಗ ಕುದಿಯಿತು, ಬಿಚ್ಚಿದಾಗ ಓಡಿತು. ಇದಕ್ಕಿಂತ ಚೊಕ್ಕವಾದ ಪ್ರಯೋಗವನ್ನು ಯಾವ ಲ್ಯಾಬಿನಲ್ಲೂ ನಾನು ಮಾಡಿಸಿಲ್ಲ. ಅವತ್ತು ಮಧ್ಯಾಹ್ನವೇ ಸ್ಟಾಫ್ ರೂಮಿನಲ್ಲಿ ಕಂಬಳಿ ಕಥೆ ಹುಟ್ಟಿತು. ಹುಟ್ಟುವಾಗಲೇ ಅದರಲ್ಲಿ ಒಂದೇ ಸಲ ಕಟ್ಟಿದ ಕಂಬಳಿ ಇತ್ತು, ಕಟ್ಟಿದವಳು ಅಜ್ಜಿ, ಹಿಟ್ಟು ಕಲಸಿದವಳೂ ಅಜ್ಜಿ. ನಾನು ಪಾಪ, ಓದಿದ ಹುಡುಗಿ, ಮೂಢರ ಕೈಗೆ ಸಿಕ್ಕಿ ಕೆಲಸ ಕಳೆದುಕೊಳ್ಳಲಿದ್ದವಳು.

ಇಷ್ಟೆಲ್ಲ ನೆನೆಯುತ್ತ ಕೂತಿದ್ದೆ. ಕಾರಿನ ಹಬೆ ಕಡಿಮೆಯಾಗಿತ್ತು. ಹಿಂದಿನಿಂದ ಅಜ್ಜಿ ಮಾತಾಡಿದಳು.

"ಆ ಮೇಸ್ತ್ರಿ ಶಾಣ್ಯಾ ಇದ್ದ. ಕಂಬಳಿ ಬಿಚ್ಚಿಸಿದ, ತಪ್ಪು ಯಾರದಂತ ಹೇಳ್ಲಿಲ್ಲ."

ನಾನು ತಿರುಗಿ ನೋಡಿದೆ. "ನಿನಗ ಅವತ್ತಽ ಗೊತ್ತಾಗಿತ್ತೇನಜ್ಜಿ?"

"ಕಂಬಳಿ ಹೊದ್ದು ಬೆಳೆದಾಕಿ ನಾನು. ಅದರ ಬಿಸಿ ನನಗ ಗೊತ್ತಿಲ್ಲೇನು? ಕೊಟ್ಟೂರಿನಾಗ ಬಿಚ್ಚಿ ಹಾಸ್ಕಂಡೆ, ಗಾಡಿ ಓಡ್ತು. ಅವಾಗಽ ಸ್ವಲ್ಪ ಹೊಳೀತು. ಅದಕ್ಕಽ ಇರ್ಲಿ ಬಿಡು, ನಾನು ಹೊದ್ಕಂಡಿರ್ತೀನಿ ಅಂದೆ."

"ಮತ್ತ ಬಾಯಿ ಬಿಟ್ಟು ಯಾಕ ಹೇಳ್ಲಿಲ್ಲ?"

"ಗಳಿಗಿಗೊಮ್ಮೆ ಗಡಿಯಾರ ನೋಡಾಕತ್ತಿದ್ದಿ ಮಗಳ. ಅಳು ಮಾರಿ ಮಾಡ್ಕಂಡು ದೇವರು ಮುಂದ ಇರ್ಲಿ ಅಂತ ಕಟ್ಟಾಕತ್ತಿದ್ದಿ. ಬಿಚ್ಚು ಅಂತ ಹೆಂಗ ಹೇಳ್ಲಿ?"

ಅವಳ ದನಿಯಲ್ಲಿ ಯಾವ ದೂರೂ ಇರಲಿಲ್ಲ. ಅಡಿಕೆ ಹೋಳು ಬಾಯಿಗೆ ಹಾಕಿಕೊಂಡು ಕಿಟಕಿಯ ಹೊರಗೆ ನೋಡಿದಳು. ಹದಿನೈದು ವರ್ಷ ಅವಳ ಹೆಸರಿನಲ್ಲಿ ನಗಿಸಿದ್ದೇನೆ, ಅವಳ ಎದುರಿಗೇ.

ನಮ್ಮ ಮನೆಯವರು ಮೆಕ್ಯಾನಿಕ್ಕನ ಜೊತೆ ಬಂದರು. ಅವನು ಹಳೆಯ ಪೈಪು ಕಿತ್ತು ಹೊಸದನ್ನು ಕೂರಿಸುತ್ತಿರುವಾಗ ಇವರಿಗೆ ಸುಮ್ಮನಿರಲಾಗಲಿಲ್ಲ.

"ಇದೇನು ಮಹಾ ಬಿಡಪ್ಪ. ಒಳಗ ಕೂತಾರಲ್ಲ ಅಜ್ಜಿ, ಅವರು ಒಂದ್ಸಲ ಜೀಪಿಗೆ ಕಂಬಳಿ ಕಟ್ಟಿ..."

"ಕಟ್ಟಿದ್ದು ನಾನು," ಎಂದೆ.

ಇಬ್ಬರೂ ನನ್ನ ಕಡೆ ತಿರುಗಿದರು.

"ಅಜ್ಜಿ ಒಂದು ಸಲ ಕಟ್ಟಿದ್ರು, ಅವರಽ ಬಿಚ್ಚಿದ್ರು. ಎರಡನೇ ಸಲ ಬ್ಯಾಡ ಅಂದ್ರೂ ಕೇಳದೆ ಕಟ್ಟಿದ್ದು ನಾನು. ನಾಲ್ಕು ಮಡಿಕಿ ಮಾಡಿ. ಹಿಟ್ಟು ಹಾಕಿಸಿದ್ದೂ ನಾನಽ."

ಮೆಕ್ಯಾನಿಕ್ಕನಿಗೆ ತಲೆಬುಡ ಗೊತ್ತಿರಲಿಲ್ಲ. ಎಲ್ಲವನ್ನೂ ಮೊದಲಿನಿಂದ ಹೇಳಿದೆ, ಅಂಬಲಿಯವರೆಗೆ. ಅವನು ಕೆಲಸ ನಿಲ್ಲಿಸಿ ಕೇಳಿಸಿಕೊಂಡು, ನಮ್ಮ ಮನೆಯವರ ಕಡೆ ಬಾಗಿ ಮೆಲ್ಲಗೆ, "ಮೇಡಮ್ಮಾರು ಏನು ಕೆಲಸ ಮಾಡ್ತಾರ್ರಿ?" ಎಂದ.

"ವಿಜ್ಞಾನ ಟೀಚರ್," ಎಂದರು ಇವರು, ಇನ್ನೂ ನನ್ನನ್ನೇ ನೋಡುತ್ತಾ.

ಹಿಂದಿನ ಸೀಟಿನಿಂದ ಕೆಮ್ಮಿದಂತೆ ಸದ್ದಾಯಿತು. ಅಡಿಕೆ ಗಂಟಲಿಗೆ ಸಿಕ್ಕಿತೇನೋ ಎಂದು ಗಾಬರಿಯಾಗಿ ತಿರುಗಿದೆ. ಅಜ್ಜಿ ಬಾಯಿಗೆ ಸೆರಗು ಒತ್ತಿಕೊಂಡು, ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದಳು. ಆ ಕಥೆಯನ್ನು ನಾನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಅಜ್ಜಿ ಅದಕ್ಕೆ ನಕ್ಕದ್ದು ಅವತ್ತೇ ಮೊದಲು.